ಜಂಗಮವೆಂಬ ಸ್ಥಾವರ: ಅಮೆರಿಕದ ಮೊಬೈಲ್ ಹೋಮ್ ಪಾರ್ಕುಗಳಲ್ಲಿ ನೆಲಬಾಡಿಗೆಯ ಬಾಕಿ ಮತ್ತು ತೆರವು

ಅಮೆರಿಕದ ಮೊಬೈಲ್ ಹೋಮ್ ಪಾರ್ಕುಗಳಲ್ಲಿ ಒಡೆತನ ಎರಡಾಗಿ ಸೀಳಿರುತ್ತದೆ: ಬಹುಪಾಲು ಮನೆ ನಿವಾಸಿಯದು, ಅದು ನಿಂತ ನೆಲ ಪಾರ್ಕಿನ ಮಾಲೀಕನದು. ಮನೆಗೆ ಸಾಲವಿದ್ದರೆ ಅದರ ಕಂತು ಬೇರೆ, ನೆಲಬಾಡಿಗೆ ಬೇರೆ. ಬಾಡಿಗೆ ಬಾಕಿ ಬಿದ್ದಾಗ ಕಾನೂನಿನ ತರ್ಕ ಸರಳವಾಗಿದೆ: ಹಣ ಕಟ್ಟದವನು ಜಾಗ ಬಿಡಲಿ, ತನ್ನ ಸ್ವತ್ತನ್ನು ಒಯ್ಯಲಿ. ಆದರೆ ಈ ತರ್ಕಕ್ಕೆ ಆಧಾರವಾದ ‘ಒಯ್ಯಬಹುದು’ ಎಂಬ ಊಹೆಯೇ ವಸ್ತುಸ್ಥಿತಿಗೆ ದೂರ. ಆದ್ದರಿಂದ ಇಲ್ಲಿನ ತೆರವು, ಹೆಸರಿಗೆ ಬಾಡಿಗೆದಾರನನ್ನು ಬಿಡಿಸುವ ಕ್ರಮವಾದರೂ, ಪರಿಣಾಮದಲ್ಲಿ ಸ್ವತ್ತಿನ ಜಪ್ತಿಯೇ ಆಗುತ್ತದೆ ಎಂಬುದು ಈ ಲೇಖನದ ವಾದ.

ಕಾರ್ಖಾನೆಯಿಂದ ಬರುವಾಗ ಈ ಮನೆಗೆ ಚಕ್ರಗಳಿರುತ್ತವೆ. ಪಾರ್ಕಿನಲ್ಲಿ ಅದನ್ನು ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂರಿಸಿ, ಉಕ್ಕಿನ ಪಟ್ಟಿಗಳಿಂದ ನೆಲಕ್ಕೆ ಬಿಗಿದು, ನೀರು, ಚರಂಡಿ, ವಿದ್ಯುತ್ ಜೋಡಿಸಿ, ಬುಡದ ಸುತ್ತ ಮರೆ ಕಟ್ಟುತ್ತಾರೆ. ಅಲ್ಲಿಗೆ ಜಂಗಮ ಸ್ಥಾವರವಾಯಿತು. ಮತ್ತೆ ಸಾಗಿಸಬೇಕೆಂದರೆ ಇವೆಲ್ಲವನ್ನೂ ಬಿಚ್ಚಬೇಕು. ಜೋಡಿಭಾಗದ ಮನೆಯಾದರೆ ಅದನ್ನೇ ಎರಡು ಹೋಳಾಗಿ ಬೇರ್ಪಡಿಸಬೇಕು. 1976ರ ಜೂನ್‌ನಲ್ಲಿ ಜಾರಿಗೆ ಬಂದ ಫೆಡರಲ್ ನಿರ್ಮಾಣ ಸಂಹಿತೆಗಿಂತ ಹಳೆಯ ಮನೆಗಳಿಗೆ ಬೇರೆ ಪಾರ್ಕಿನಲ್ಲಿ ಜಾಗ ಸಿಗುವುದೇ ಕಷ್ಟ. ನೂರರಲ್ಲಿ ಸುಮಾರು ಒಂದು ಮನೆಯಷ್ಟೇ ಇಟ್ಟ ಜಾಗದಿಂದ ಕದಲುತ್ತದೆಂದು 1992ರ ‘ಯೀ ವಿರುದ್ಧ ಎಸ್ಕಾಂಡಿಡೊ ನಗರ’ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ದಾಖಲಿಸಿದೆ. ಕದಲದ ಮನೆ ಕೊನೆಗೆ ಯಾರ ಪಾಲಾಗುತ್ತದೆ? ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ 2016ರ ‘ಎವಿಕ್ಟೆಡ್’ ಕೃತಿಯಲ್ಲಿ ಚಿತ್ರಿಸಿದ ಮಿಲ್ವಾಕಿಯ ಪಾರ್ಕಿನಲ್ಲಿ, ಹೊರಬಿದ್ದವರು ಬಿಟ್ಟುಹೋದ ಟ್ರೇಲರುಗಳು ಮಾಲೀಕನ ಕೈಸೇರಿ, ಹೊಸ ಬಾಡಿಗೆದಾರರನ್ನು ಸೆಳೆಯುವ ಸರಕಾಗುತ್ತವೆ.

ನಿವಾಸಿಗಳಿಗೆ ಹೆಚ್ಚು ರಕ್ಷಣೆ ಕೊಡುವ ರಾಜ್ಯಗಳಲ್ಲಿ ಒಂದಾದ ಕ್ಯಾಲಿಫೋರ್ನಿಯಾದ ಕಾನೂನಿನಲ್ಲೇ ಕಾಲಾವಕಾಶದ ತಾರತಮ್ಯ ಎದ್ದು ಕಾಣುತ್ತದೆ. ಅಲ್ಲಿ ಜಾಗ ಬಿಡಲು 60 ದಿನಗಳ ನೋಟಿಸು ಕೊಡಬೇಕು, ನಿಜ. ಆದರೆ ಬಾಡಿಗೆ ಐದು ದಿನ ತಡವಾದ ಮೇಲೆ ಮಾಲೀಕ ಮೂರು ದಿನಗಳ ನೋಟಿಸು ಕೊಡಬಹುದು. ಆ ಮೂರು ದಿನದೊಳಗೆ ಬಾಕಿ ತೀರಿಸಿದರೆ ಮಾತ್ರ ನಿವಾಸಿಯ ಹಕ್ಕು ಉಳಿಯುತ್ತದೆ. ಅದೇ ಮನೆಯ ಮೇಲೆ ಸಾಲ ಕೊಟ್ಟ ಸಂಸ್ಥೆಗೆ ಅದೇ ಬಾಕಿಯನ್ನು ತುಂಬಲು 30 ದಿನಗಳ ಅವಕಾಶವಿದೆ. ಸಾಮಾನ್ಯ ಮನೆಯ ಅಡಮಾನದ ಕಂತು ತಪ್ಪಿದವನಿಗಂತೂ, ಸುಸ್ತಿಯ ನೋಟಿಸು ದಾಖಲಾದ ಮೇಲೆ ಮೂರು ತಿಂಗಳು ಕಳೆಯದೆ ಹರಾಜು ನಡೆಸುವಂತಿಲ್ಲ. ಮನೆ ಕೈತಪ್ಪುವ ನಷ್ಟ ಮೂವರಿಗೂ ಇದೆ. ಅತಿ ಕಡಿಮೆ ಕಾಲಾವಕಾಶ ಮಾತ್ರ ಆ ಮನೆಯಲ್ಲಿ ವಾಸವಿರುವವನಿಗೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಪಾರ್ಕಿನ ಮಾಲೀಕನಿಗೂ ತೆರಿಗೆ, ನೀರು, ರಸ್ತೆ ದುರಸ್ತಿಯ ಖರ್ಚಿದೆ. ಬಾಕಿಯನ್ನು ಅವನೇಕೆ ಹೊರಬೇಕು ಎಂಬುದು ಮೊದಲನೆಯದು. ಹೊರಬೇಕಿಲ್ಲ. ಮನೆಯನ್ನು ನಿಂತಲ್ಲೇ ಮಾರಲು ಕಾಲ ಕೊಟ್ಟು, ಬಂದ ಹಣದಲ್ಲಿ ಬಾಕಿಯನ್ನು ಮೊದಲು ಮುರಿದುಕೊಳ್ಳುವ ವ್ಯವಸ್ಥೆ ಮಾಡಿದರೆ ಮಾಲೀಕನ ಹಣ ಮರಳುತ್ತದೆ, ನಿವಾಸಿಯ ಉಳಿದ ಮೌಲ್ಯವೂ ಕರಗುವುದಿಲ್ಲ. ಪದೇಪದೇ ತಪ್ಪುವವರ ಮೇಲಿನ ಈಗಿನ ನಿರ್ಬಂಧಗಳು ಹಾಗೆಯೇ ಇರಲಿ. ಎರಡನೆಯದು ಗಂಭೀರವಾದದ್ದು: ಕರಾರಿನ ಷರತ್ತು ತಿಳಿದೇ ನಿವಾಸಿ ಸಹಿ ಹಾಕಿದ್ದಾನೆ. ಆದರೆ ಕರಾರಿನ ಸ್ವಾತಂತ್ರ್ಯ ಉಳಿಯುವುದು ಅದರಿಂದ ಎದ್ದುಹೋಗಲು ಇಬ್ಬರಿಗೂ ದಾರಿಯಿದ್ದಾಗ. ಮನೆ ನೆಲಕ್ಕಿಳಿದ ಮೇಲೆ ನಿವಾಸಿಗೆ ಆ ದಾರಿ ಮುಚ್ಚಿರುತ್ತದೆ. ಬಾಡಿಗೆ ಏರಿದರೂ ಅವನು ಕೂತಲ್ಲೇ ಕೂರಬೇಕು. ನಿಯಂತ್ರಣಕ್ಕೆ ಸಂವಿಧಾನವೂ ಸಂಪೂರ್ಣ ಅಡ್ಡಿಯಲ್ಲ: ಯೀ ಪ್ರಕರಣದಲ್ಲಿ ಪಾರ್ಕಿನ ಮಾಲೀಕರು ನಗರದ ಬಾಡಿಗೆ ನಿಯಂತ್ರಣವನ್ನು ತಮ್ಮ ನೆಲದ ಭೌತಿಕ ಕಬಳಿಕೆಯೆಂದು ವಾದಿಸಿದರು, ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ನೆಲವನ್ನೇ ನಿವಾಸಿಗಳ ಸಹಕಾರ ಸಂಘ ಕೊಂಡುಕೊಳ್ಳುವ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1984ರಿಂದ ಬೆಳೆದ ಮಾದರಿ ಸೀಳಿದ ಒಡೆತನವನ್ನು ಬೆಸೆಯುತ್ತದೆ. ಆದರೆ ಪಾರ್ಕು ಮಾರಾಟಕ್ಕೆ ಬಂದಾಗಲಷ್ಟೇ ಅದು ಸಾಧ್ಯ. ಅಲ್ಲಿಯವರೆಗೆ ಮನೆಯೊಡೆಯನನ್ನು ಬರಿಯ ಬಾಡಿಗೆದಾರನೆಂದು ಕಾಣುವ ತನ್ನ ವರ್ಗೀಕರಣವನ್ನಾದರೂ ಕಾನೂನು ತಿದ್ದಿಕೊಳ್ಳಬೇಕು: ಸಾಲ ಕೊಟ್ಟವನಿಗೆ ಸಿಗುವ 30 ದಿನ ಮನೆಯೊಡೆಯನಿಗೂ ಸಿಗಲಿ.