ಅಮ್ಮನ ಮಾತು, ಮಗಳ ಬಾಯಿ

ಹದಿಹರೆಯದ ಹುಡುಗಿಯೊಬ್ಬಳು ಫೋನ್ ಹಿಡಿದು ನಿಂತಿದ್ದಾಳೆ. ಆ ಕಡೆ ನ್ಯೂಯಾರ್ಕಿನ ಷೇರು ದಲ್ಲಾಳಿ. ತಾನೇ ಶ್ರೀಮತಿ ಟಾನ್ ಎಂದು ಹೇಳಿಕೊಂಡು, ಚೆಕ್ ಇನ್ನೂ ಬಂದಿಲ್ಲವೆಂದು ಒಪ್ಪವಾದ ಇಂಗ್ಲಿಷಿನಲ್ಲಿ ದೂರುತ್ತಿದ್ದಾಳೆ. ನಿಜವಾದ ಶ್ರೀಮತಿ ಟಾನ್, ಅವಳ ಅಮ್ಮ, ಹಿಂದೆ ನಿಂತು ಏನು ಹೇಳಬೇಕೆಂದು ಪಿಸುಗುಟ್ಟುತ್ತಿದ್ದಾರೆ. ಲೇಖಕಿ ಏಮಿ ಟಾನ್ 1990ರ ‘ಮದರ್ ಟಂಗ್’ ಪ್ರಬಂಧದಲ್ಲಿ ನೆನೆದ ಪ್ರಸಂಗವಿದು. ಅಮೆರಿಕದ ಚೀನೀ ಮನೆಗಳ ತಾಯಿ–ಮಗಳ ಕಥನಗಳನ್ನು ಓದುವಾಗಲೆಲ್ಲ ನನಗೆ ಈ ಫೋನೇ ನೆನಪಾಗುತ್ತದೆ. ಅಲ್ಲಿ ಅಮ್ಮನ ಮಾತು ನಮಗೆ ತಲುಪುವುದೇ ಮಗಳ ಬಾಯಿಂದ.

ಈ ಸಾಹಿತ್ಯ ತಡವಾಗಿ ಹುಟ್ಟಿದ್ದಕ್ಕೆ ಕಾನೂನು ದೊಡ್ಡ ಕಾರಣ. 1875ರ ಪೇಜ್ ಕಾಯ್ದೆಯ ಹೆಸರಿನಲ್ಲಿ ಅಧಿಕಾರಿಗಳು ಚೀನೀ ಹೆಂಗಸರನ್ನು ವೇಶ್ಯೆಯರೆಂದು ಗುಮಾನಿಪಟ್ಟು ತಡೆದರು. 1882ರ ಕಾಯ್ದೆ ಕೂಲಿಕಾರರಿಗೂ ಬಾಗಿಲು ಹಾಕಿತು. ಅದು ರದ್ದಾಗಿದ್ದು 1943ರಲ್ಲಿ; ದೊಡ್ಡ ಪ್ರಮಾಣದ ವಲಸೆಗೆ ದಾರಿಯಾಗಿದ್ದು 1965ರ ಕಾಯ್ದೆಯಿಂದ. ಚೈನಾಟೌನುಗಳು ದಶಕಗಟ್ಟಲೆ ಗಂಡಸರ ಕೇರಿಗಳಾಗಿಯೇ ಉಳಿದವು.

1950ರಲ್ಲಿ ಜೇಡ್ ಸ್ನೋ ವಾಂಗ್ ಬರೆದ ‘ಫಿಫ್ತ್ ಚೈನೀಸ್ ಡಾಟರ್’ ಆತ್ಮಕಥೆಯೇ ಆದರೂ ಅದರಲ್ಲಿ ‘ನಾನು’ ಇಲ್ಲ. ಉದ್ದಕ್ಕೂ ‘ಅವಳು’. ತನ್ನನ್ನು ಮುಂದೆ ಮಾಡಿಕೊಳ್ಳುವುದು ಮನೆಯ ಮರ್ಯಾದೆಗೆ ಒಪ್ಪದ ಸಂಗತಿ. ಮಗಳ ಕಾಲೇಜಿಗೆ ಅಪ್ಪ ಹಣ ಕೊಡುವುದಿಲ್ಲ. ಅವಳು ಪರರ ಮನೆಗೆಲಸ ಮಾಡಿ ಓದುತ್ತಾಳೆ. ಪುಸ್ತಕದ ತುಂಬ ಅಪ್ಪನದೇ ದನಿ, ಅಮ್ಮ ಮಬ್ಬಿನಲ್ಲಿದ್ದಾಳೆ.

ಅಮ್ಮನನ್ನು ಬೆಳಕಿಗೆ ತಂದದ್ದು ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ 1976ರಲ್ಲಿ ಪ್ರಕಟಿಸಿದ ‘ದಿ ವುಮನ್ ವಾರಿಯರ್’. ಯಾರಿಗೂ ಹೇಳಬೇಡ ಎಂಬ ತಾಯಿಯ ಎಚ್ಚರಿಕೆಯಿಂದಲೇ ಪುಸ್ತಕ ಶುರುವಾಗುತ್ತದೆ. ಮಗಳು ಅದನ್ನೇ ಎಲ್ಲರಿಗೂ ಹೇಳುತ್ತಾಳೆ. ಚೀನಾದಲ್ಲಿ ವೈದ್ಯಕೀಯ ಕಲಿತ ಆ ತಾಯಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಬೆವರುತ್ತಾಳೆ. ಯುವೆ ಫೇ ಎಂಬ ಸೇನಾನಿಯ ಬೆನ್ನಿನ ಹಚ್ಚೆಯನ್ನು ಕಿಂಗ್‌ಸ್ಟನ್ ಚೀನೀ ದಂತಕಥೆಯ ವೀರವನಿತೆ ಮುಲಾನ್‌ಳ ಬೆನ್ನಿಗೆ ಹಾಕಿದರು. ಬಿಳಿಯರನ್ನು ಮೆಚ್ಚಿಸಲು ಪುರಾಣ ಕೆಡಿಸಿದರೆಂದು ಲೇಖಕ ಫ್ರಾಂಕ್ ಚಿನ್ ಹರಿಹಾಯ್ದರು. ನಾನು ಕಿಂಗ್‌ಸ್ಟನ್ ಪರ. ಅಮ್ಮ ಹೇಳಿದ ಕಥೆಯನ್ನು ನಿದ್ದೆಗಣ್ಣಲ್ಲಿ ಕೇಳಿದ ಮಗುವಿಗೆ ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಂಡೇ ನೆನಪಿರುತ್ತದೆ. ಪರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ತಾಯ್ನಾಡು ದಕ್ಕುವುದೂ ಹಾಗೆಯೇ.

1989ರ ‘ದಿ ಜಾಯ್ ಲಕ್ ಕ್ಲಬ್’ನಲ್ಲಿ ಏಮಿ ಟಾನ್ ನಾಲ್ವರು ತಾಯಂದಿರನ್ನೂ ನಾಲ್ವರು ಹೆಣ್ಣುಮಕ್ಕಳನ್ನೂ ಒಂದು ಮಾಜಾಂಗ್ ಆಟದ ಮೇಜಿನ ಸುತ್ತ ತಂದರು. ಮೂವರು ತಾಯಂದಿರು ತಾವೇ ಕಥೆ ಹೇಳಿದರು; ತೀರಿಹೋದ ನಾಲ್ಕನೆಯವಳ ಕಥೆಯನ್ನು ಮಗಳು ಹೇಳಿದಳು. ತಾಯಿಯ ಇಂಗ್ಲಿಷನ್ನು ಮುರುಕೆಂದು ಕರೆಯಲು ಟಾನ್‌ಗೆ ಮನಸ್ಸಿಲ್ಲ. ಅಮ್ಮನೇ ತಮ್ಮ ಓದುಗರೆಂದು ಭಾವಿಸಿ ಅವರು ಬರೆದರು. ಪುಸ್ತಕ ಭಾರೀ ಮಾರಾಟವಾಯಿತು, 1993ರಲ್ಲಿ ಸಿನಿಮಾ ಆಯಿತು. ಎಲ್ಲವನ್ನೂ ತಲೆಮಾರುಗಳ ಜಗಳವಾಗಿ ಓದಿದರೆ ವರ್ಗ, ಲಿಂಗಗಳ ಪ್ರಶ್ನೆ ಮರೆಯಾಗುತ್ತದೆ ಎಂದು ವಿಮರ್ಶಕಿ ಲೀಸಾ ಲೋ 1991ರಲ್ಲೇ ಎಚ್ಚರಿಸಿದ್ದರು. ಆ ಮಾತಿನ ತೂಕ ತಿಳಿಯಬೇಕಾದರೆ 1993ರ ‘ಬೋನ್’ ಓದಬೇಕು. ಫೇ ಮಯೆನ್ ಎನ್‌ಜಿ ಅವರ ಈ ಕಾದಂಬರಿಯಲ್ಲಿ ತಾಯಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದ್ದಾಳೆ. ನಡುವಿನ ಮಗಳು ತಾನೇ ಪ್ರಾಣ ಕಳೆದುಕೊಂಡಿದ್ದಾಳೆ. ಕಥೆ ಹೇಳುವ ಹಿರಿಮಗಳ ಮಲತಂದೆ, ಸುಳ್ಳು ಹೆಸರಿನಲ್ಲಿ ದೇಶ ಹೊಕ್ಕ ಲಿಯಾನ್, ಕಾಗದಪತ್ರಗಳನ್ನು ಸೂಟ್‌ಕೇಸಿನಲ್ಲಿ ಜೋಪಾನ ಮಾಡಿದ್ದಾನೆ. ಆ ಮನೆಯ ದುಃಖದಲ್ಲಿ ಕಾನೂನಿನ ಪಾಲೆಷ್ಟು, ಕೂಲಿಯ ಪಾಲೆಷ್ಟು ಎಂದು ಬಿಡಿಸಲಾಗದು. ಟಾನ್‌ಗಿಂತ ಈ ಪುಸ್ತಕವೇ ನನ್ನನ್ನು ಹೆಚ್ಚು ಕಾಡಿದೆ.

2011ರಲ್ಲಿ ಏಮಿ ಚುವಾ ಬರೆದ ‘ಹುಲಿ ತಾಯಿ’ ಪುಸ್ತಕ ದೊಡ್ಡ ಗದ್ದಲ ಎಬ್ಬಿಸಿತು. ಅಲ್ಲಿ ತಾಯಿಯೇ ಬರಹಗಾರ್ತಿ. ಆದರೆ ಆಕೆ ಅಮೆರಿಕದಲ್ಲೇ ಹುಟ್ಟಿದ ಕಾನೂನು ಪ್ರಾಧ್ಯಾಪಕಿ; ಮಗಳ ಬಾಯಿಯ ಹಂಗು ಆಕೆಗಿರಲಿಲ್ಲ.

2022ರ ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಸಿನಿಮಾ ಮತ್ತೆ ಬಟ್ಟೆ ಒಗೆಯುವ ಅಂಗಡಿಗೇ ಬರುತ್ತದೆ. ಈ ಸಲ ನಡುವೆ ನಿಂತವಳು ತಾಯಿ ಎವೆಲಿನ್. ಗಂಡನೊಡನೆ ಮ್ಯಾಂಡರಿನ್, ಅಪ್ಪನೊಡನೆ ಕ್ಯಾಂಟನೀಸ್, ಮಗಳೊಡನೆ ಇಂಗ್ಲಿಷ್ ಬೆರೆತ ಮಾತು. ಮಗಳು ಜಾಯ್ ತನ್ನ ಪ್ರೇಯಸಿಯನ್ನು ಅಜ್ಜನಿಗೆ ಪರಿಚಯಿಸಲು ಹೊರಟು, ಚೀನೀ ಪದ ಸಿಗದೆ ತಡವರಿಸುತ್ತಾಳೆ. ಆಗ ಅಮ್ಮ ನಡುವೆ ಬಾಯಿ ಹಾಕಿ, ಇವಳು ಜಾಯ್‌ಳ ಒಳ್ಳೆಯ ಸ್ನೇಹಿತೆ ಎಂದುಬಿಡುತ್ತಾಳೆ.