ತೊಗರಿ ಸಾಲಿನ ನಡುವೆ ಗಾಂಜಾ

1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯೊಳಗೆ, ತಾಂಡೂರು ಗುಲ್ಬರ್ಗಾ ಜಿಲ್ಲೆಯೊಳಗೆ ಇದ್ದವು. ಗಡಿ ಬದಲಾಯಿತು, ತೊಗರಿ ಬದಲಾಗಲಿಲ್ಲ. ಆ ತೊಗರಿ ಹೊಲದೊಳಗೆ ಅಬಕಾರಿಯವರು ಗಾಂಜಾ ಗಿಡ ಕಿತ್ತ ಸುದ್ದಿ ಈಗ ಆಗಾಗ ಬರ್ತದ.

ಕೆಲ ವರ್ಷದ ಹಿಂದೆ ಪರಿಚಯದವನೊಬ್ಬ ನಮ್ಮ ಮನೆಗೆ ಬಂದ. "ಕಾಕಾ, ತೊಗರಿ ನಡುವ ನಾಕು ಸಾಲು ಹಚ್ಚೋಣ. ಬೀಜ ನಂದು, ಮುಂಗಡ ರೊಕ್ಕನೂ ನಂದು" ಅಂದ. ಮಗಳ ಮದುವೆಯ ಸಾಲ ತಲೆ ಮೇಲಿತ್ತು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಿಂದೆ ಇದು ಸರ್ಕಾರ ಸುಂಕ ಎತ್ತುತ್ತಿದ್ದ ವ್ಯಾಪಾರ. 1893ರಲ್ಲಿ ಬ್ರಿಟಿಷರು ನೇಮಿಸಿದ ಆಯೋಗ ಪೂರಾ ನಿಷೇಧ ಬೇಡ, ಲೈಸೆನ್ಸು, ತೆರಿಗೆ ಸಾಕು ಎಂದಿತು. 1985ರ ಮಾದಕವಸ್ತು ಕಾಯ್ದೆ ಆ ಬಾಗಿಲು ಮುಚ್ಚಿತು. ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಗೊತ್ತಿದ್ದೂ ಹೊಲ ಬಿಟ್ಟುಕೊಟ್ಟವನಿಗೂ ಅದೇ ಸಜೆ. ತನ್ನ ಹೊಲದಲ್ಲಿ ಕಂಡ ಗಿಡದ ಸುದ್ದಿಯನ್ನು ಬೇಕಂತಲೇ ಮುಚ್ಚಿಟ್ಟರೂ ತಪ್ಪೇ. ನಾರಿಗಾಗಿ, ಬೀಜಕ್ಕಾಗಿ ಬೆಳೆಯಲು ಸರ್ಕಾರದ ಅನುಮತಿ ಬೇಕು. ಉತ್ತರಾಖಂಡ ಅಂಥ ಲೈಸೆನ್ಸು ಕೊಟ್ಟಿದೆ. ನನ್ನ ಮನೆಗೆ ಬಂದವನ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.

ಬೆಳಿಗ್ಗೆ ಪೆಟ್ಟಿಗೆಯಿಂದ ಪಟ್ಟಾ ಪಾಸ್‌ಬುಕ್ ತೆಗೆದು ನೋಡಿದೆ. ಅದರ ಮೇಲಿದ್ದದ್ದು ನನ್ನ ಹೆಸರೊಂದೇ. ಪೊಲೀಸರು ಬಂದರೆ ಕೇಳುವುದು ಆ ಹೆಸರನ್ನೇ.

"ತಮ್ಮಾ, ತೊಗರಿ ದರ ಬಿದ್ದರ ಮುಂದಿನ ವರ್ಷ ಮತ್ತ ಬಿತ್ತತೀನಿ. ಜೈಲಿನಾಗ ಏನು ಬಿತ್ತಲಿ?" ಅಂದು ಅವನನ್ನು ಕಳಿಸಿದೆ.

2022ರಲ್ಲಿ ತಾಂಡೂರು ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿತು. ನನ್ನ ಸಾಲ ಇನ್ನೂ ಸ್ವಲ್ಪ ಉಳಿದದ. ಹೊಲವೂ ಉಳಿದದ.