ಸಮುರಾಯ್ ಶಿರಸ್ತ್ರಾಣಕ್ಕೂ ನಮ್ಮ ಥಾಣೆಗೂ ಏನು ನಂಟು?

ಡೊಂಬಿವಲಿಯಿಂದ ಥಾಣೆಗೆ ಲೋಕಲ್ ಹತ್ತುವ ನಮಗೆ ಜಪಾನ್ ಬಲು ದೂರ ಅನ್ಸುತ್ತೆ, ಅಲ್ವಾ? ಆದ್ರೆ ನೋಡಿ, 1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಾ ವಸಾಯಿ ಸೀಮೆಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಥಾಣೆಯೂ ಅವರ ಕೈಸೇರಿತು. ಒಂಬತ್ತೇ ವರ್ಷಕ್ಕೆ, 1543ರಲ್ಲಿ, ಅದೇ ಪೋರ್ಚುಗೀಸರ ಕೋವಿ ಜಪಾನಿನ ತನೆಗಾಶಿಮಾ ದ್ವೀಪ ಮುಟ್ಟಿತು.

ಅಲ್ಲಿಂದ ಸಮುರಾಯ್ ಶಿರಸ್ತ್ರಾಣ ‘ಕಬುಟೊ’ದ ಕಥೆಯೇ ಬದಲಾಯ್ತು. ತಗಡು ದಪ್ಪವಾಯ್ತು. ಕೆಲವು ಕವಚಗಳಿಗೆ ಗುಂಡು ಹೊಡೆದು ಪರೀಕ್ಷಿಸಿ, ಬಿದ್ದ ತಗ್ಗನ್ನು ಗ್ಯಾರಂಟಿ ಮುದ್ರೆಯಂತೆ ಹಾಗೇ ಉಳಿಸುತ್ತಿದ್ದರು. ಮುಖವಾಡ ‘ಮೆಂಪೊ’ ಬರೀ ಹೆದರಿಸೋಕಲ್ಲ: ಶಿರಸ್ತ್ರಾಣದ ಹಗ್ಗ ಬಿಗಿಯೋಕೆ ಗಲ್ಲದ ಕೆಳಗೆ ಗೂಟ, ಬೆವರು ಇಳಿಯೋಕೆ ತೂತು.

1876ರಲ್ಲಿ ಮೇಜಿ ಸರ್ಕಾರ ಸಮುರಾಯ್‌ಗಳು ಕತ್ತಿ ಕಟ್ಟೋದನ್ನೇ ನಿಷೇಧಿಸಿತು. ಹಳೇ ಕವಚ ಕಂಡ್ರೆ ಮೊದಲು ಆ ತಗ್ಗು ಹುಡುಕಿ. ಉಜ್ಜಿ ಹೊಳಪಿಸಿದ್ರೆ ಅಳಿಸೋದು ಕಲೆಯನ್ನಲ್ಲ, ಸಾಕ್ಷಿಯನ್ನು.